ಹಳೆಯ ಡೆಲ್ ಆರ್730 ಮೇಲೆ ಇಡೀ ಆಫೀಸಿನ ಡೆಸ್ಕ್‌ಟಾಪ್: ಕೋರ್ ಎಣಿಸುವ ಮುಂಚೆ ಲೈಸೆನ್ಸ್ ಎಣಿಸಿ

ಮೇಜಿನ ಪಿಸಿ ಬರೀ ಪರದೆಯಾಗಿ, ಎಲ್ಲರ ಕೆಲಸ ಒಂದೇ ಸರ್ವರ್ ಮೇಲೆ ಓಡುವ ಏರ್ಪಾಡಿನ ಬಗ್ಗೆ ಇದು. ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಿಮ್ಮದು ಹದಿನೈದು ಇಪ್ಪತ್ತು ಜನರ ಆಫೀಸು, ಕೆಲಸ ಅಂದರೆ ಟ್ಯಾಲಿ, ಎಕ್ಸೆಲ್, ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್, ಒಂದಷ್ಟು ಪಿಡಿಎಫ್, ಕನ್ನಡ ಪತ್ರಗಳಿಗೆ ನುಡಿ, ಇಷ್ಟೇ ಆಗಿದ್ದರೆ ಸೆಕೆಂಡ್ ಹ್ಯಾಂಡ್ ಡೆಲ್ ಪವರ್‌ಎಡ್ಜ್ ಆರ್730 ಇವತ್ತಿಗೂ ಧೈರ್ಯವಾಗಿ ತೆಗೆದುಕೊಳ್ಳಬಹುದಾದ ಸರ್ವರ್. ಆದರೆ ಅಂಗಡಿಯಲ್ಲಿ ಜೋಡಿಸಿ ಇಟ್ಟಿರುತ್ತಾರಲ್ಲ, ಆ ರೂಪದಲ್ಲಿ ಬೇಡ. ಅಲ್ಲಿ ಕೋರ್, ಅಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ, ಎಷ್ಟಿವೆ ಅಂತ ತೋರಿಸಿ ಮಾರುತ್ತಾರೆ. ಆಫೀಸಿನ ಡೆಸ್ಕ್‌ಟಾಪ್‌ಗೆ ಬೇಕಾದದ್ದು ಬೇರೆ: ಮೊದಲು ಒಳ್ಳೆಯ ಡಿಸ್ಕ್, ಆಮೇಲೆ ಒಂದೊಂದು ಕೋರಿನ ವೇಗ, ಆಮೇಲೆ ಮೆಮೊರಿ. ಕೋರ್ ಎಷ್ಟಿವೆ ಅನ್ನುವುದು ಕೊನೆಯ ಮಾತು. ಇಲ್ಲಿ ಎಡವಿದರೆ ಸರ್ವರಿನ ದುಡ್ಡಿಗಿಂತ ಲೈಸೆನ್ಸಿನ ದುಡ್ಡು ಜಾಸ್ತಿ ಹೋಗುತ್ತದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಈ ಸರ್ವರ್ ಹಾಕಿದ್ದು ಒಂದು ಆಡಿಟರ್ ಆಫೀಸಿಗೆ, 18 ಜನ. ಅಲ್ಲಿದ್ದವು ಹಳೆಯ ಐ3 ಪಿಸಿಗಳು, ಎಲ್ಲದರಲ್ಲೂ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಆ ಪಿಸಿಗಳಿಗೆ ವಿಂಡೋಸ್ 11 ಅಧಿಕೃತವಾಗಿ ಬರುವುದಿಲ್ಲ, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ನೂರಾರು ಜನರ ಪ್ಯಾನ್ ನಂಬರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇರುವ ಜಾಗದಲ್ಲಿ ಅಪ್‌ಡೇಟ್ ಬರದ ವಿಂಡೋಸ್ ಇಟ್ಟುಕೊಂಡು ಕೂರುವುದು ಸರಿಯಲ್ಲ. ಹೊಸ ಪಿಸಿ ಒಂದಕ್ಕೆ 40 ಸಾವಿರ ಅಂತ ಹಿಡಿದರೂ 18ಕ್ಕೆ 7 ಲಕ್ಷ ದಾಟುತ್ತದೆ. ಹಳೆಯ ಪಿಸಿಗಳಿಗೆ ಲಿನಕ್ಸ್ ಹಾಕಿ ಬರೀ ಪರದೆಯಾಗಿ ಉಳಿಸಿಕೊಂಡು, ನಿಜವಾದ ಕೆಲಸವನ್ನೆಲ್ಲ ಒಂದು ಸರ್ವರ್ ಮೇಲೆ ಓಡಿಸಿದರೆ ಹೇಗೆ ಅಂತ ಆಡಿಟರ್ ಸಾಹೇಬರೇ ಕೇಳಿದರು. ಅಲ್ಲಿಂದ ಹುಡುಕಾಟ ಶುರು.

ಆರ್730 ಯಾಕೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಇದು 2014ರಲ್ಲಿ ಬಂದ ಮಾಡೆಲ್, ಎರಡು ಪ್ರೊಸೆಸರ್, ಡಿಡಿಆರ್4 ಮೆಮೊರಿಗೆ 24 ಸ್ಲಾಟ್. ಕಂಪನಿಗಳು ಲೀಸ್ ಮುಗಿದ ಮೇಲೆ ರಾಶಿ ರಾಶಿಯಾಗಿ ಹೊರಗೆ ಹಾಕಿರುವುದರಿಂದ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಇದರ ಅಣ್ಣ ಆರ್720 ಇನ್ನೂ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಡಿಡಿಆರ್3 ಕಾಲದ್ದು, ಈಗ ಅದಕ್ಕೆ ಕೈ ಹಾಕಬೇಡಿ. ಮುಂದಿನ ಆರ್740 ನಿಜಕ್ಕೂ ಒಳ್ಳೆಯದು, ಬೆಲೆ ನಿಮ್ಮ ಕೈಗೆ ಎಟುಕಿದರೆ ಅದನ್ನೇ ತಗೊಳ್ಳಿ. ಎಚ್‌ಪಿ ಕಡೆ ಡಿಎಲ್380 ಜೆನ್9 ಇದರ ಜೋಡಿ, ಯಂತ್ರದಲ್ಲಿ ಏನೂ ಕಡಿಮೆಯಿಲ್ಲ. ಆದರೆ ಅದರ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಇಳಿಸಿಕೊಳ್ಳಲು ಸಾಮಾನ್ಯವಾಗಿ ವಾರಂಟಿ ಅಥವಾ ಸಪೋರ್ಟ್ ಕರಾರು ಬೇಕು. ಡೆಲ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ವಾರಂಟಿ ಮುಗಿದ ಹಳೆಯ ಸರ್ವರ್ ಕೊಳ್ಳುವವರಿಗೆ ಈ ಒಂದು ವ್ಯತ್ಯಾಸವೇ ಸಾಕು.

ಈಗ ಮುಖ್ಯ ವಿಷಯ. ಬೆಂಗಳೂರಿನ ಎಸ್.ಪಿ. ರೋಡ್ ಸುತ್ತಮುತ್ತ ವಿಚಾರಿಸಿದಾಗ ಎಲ್ಲರೂ ಮೊದಲು ಕೊಡಲು ಬಂದದ್ದು ಇ5-2680 ವಿ4 ಪ್ರೊಸೆಸರ್ ಎರಡು ಹಾಕಿದ ಸರ್ವರ್. ಒಂದೊಂದರಲ್ಲಿ 14 ಕೋರ್, ಒಟ್ಟು 28 ಕೋರ್, 56 ಥ್ರೆಡ್ (ಒಂದೊಂದು ಕೋರ್ ಒಟ್ಟಿಗೆ ಎರಡು ಕೆಲಸ ಹಿಡಿಯುವ ಲೆಕ್ಕ). "ಸರ್, ಐವತ್ತು ಜನ ಕೂತ್ರೂ ಅಲುಗಾಡಲ್ಲ, ತಗೊಂಡೋಗಿ" ಅಂದರು ಒಬ್ಬರು. ಮಾತು ಸುಳ್ಳಲ್ಲ. ಆದರೆ ಆ ಪ್ರೊಸೆಸರಿನ ಮೂಲ ವೇಗ 2.4 ಗಿಗಾಹರ್ಟ್ಸ್. ಟ್ಯಾಲಿಯಲ್ಲಿ ದೊಡ್ಡ ಕಂಪನಿಯ ಲೆಡ್ಜರ್ ತೆರೆದಾಗ, ಎಕ್ಸೆಲ್‌ನಲ್ಲಿ ಒಂದರ ಉತ್ತರಕ್ಕೆ ಇನ್ನೊಂದು ಕಾಯುವ ಫಾರ್ಮುಲಾಗಳ ಶೀಟು ಲೆಕ್ಕ ಹಾಕುವಾಗ ಬಹುಪಾಲು ಕೆಲಸ ಒಂದೇ ಕೋರಿನ ಮೇಲೆ ಬೀಳುತ್ತದೆ. ಪಕ್ಕದಲ್ಲಿ 27 ಕೋರ್ ಸುಮ್ನೆ ಕೂತಿದ್ದರೂ ಕುರ್ಚಿಯಲ್ಲಿ ಕೂತವರಿಗೆ ಅದರಿಂದ ಏನೂ ಸಿಗುವುದಿಲ್ಲ, ಅವರಿಗೆ ಕಾಣುವುದು ತಿರುಗುವ ಸುತ್ತು ಮಾತ್ರ.

ಇನ್ನೊಂದು ಪ್ರೊಸೆಸರ್ ಇದೆ, ಇ5-2667 ವಿ4. ಕೋರ್ ಎಂಟೇ, ಆದರೆ ಮೂಲ ವೇಗ 3.2, ಟರ್ಬೊ 3.6 ಗಿಗಾಹರ್ಟ್ಸ್. ಎರಡು ಹಾಕಿದರೆ 16 ಕೋರ್, 32 ಥ್ರೆಡ್. 18 ಜನರ ಆಫೀಸಿಗೆ ಇದು ಧಾರಾಳ. ಅಂಗಡಿಯಲ್ಲಿ ಇದನ್ನು ಕೇಳಿದರೆ "ಅದು ಕಡಿಮೆ ಕೋರ್ ಸರ್, ಯಾಕೆ?" ಅಂತ ನೋಡುತ್ತಾರೆ. ನೋಡಲಿ ಬಿಡಿ.

ಯಾಕಂದರೆ ವಿಂಡೋಸ್ ಸರ್ವರ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಕೋರ್ ಲೆಕ್ಕದಲ್ಲಿ ಮಾರುತ್ತದೆ. ಒಂದು ಪ್ರೊಸೆಸರಿಗೆ ಕನಿಷ್ಠ 8, ಒಂದು ಸರ್ವರಿಗೆ ಕನಿಷ್ಠ 16 ಕೋರ್‌ಗೆ ದುಡ್ಡು ಕೊಡಲೇಬೇಕು, ಅದಕ್ಕಿಂತ ಕಡಿಮೆ ಇದ್ದರೂ. 16 ದಾಟಿದರೆ ಯಂತ್ರದಲ್ಲಿರುವ ಪ್ರತಿ ಕೋರ್‌ಗೂ ಕೊಡಬೇಕು. ನೀವು ವರ್ಚುವಲ್ ಮಷೀನಿಗೆ, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರಿಗೆ, ನಾಲ್ಕೇ ಕೋರ್ ಕೊಟ್ಟಿದ್ದೇನೆ ಅಂದರೂ ಈ ಲೆಕ್ಕದಲ್ಲಿ ನಡೆಯುವುದಿಲ್ಲ. ಸ್ಟ್ಯಾಂಡರ್ಡ್ ಎಡಿಷನ್ನಿನಲ್ಲಿ ಹೀಗೆ ಪೂರ್ತಿ ಲೈಸೆನ್ಸ್ ಮಾಡಿದರೆ ಎರಡು ವರ್ಚುವಲ್ ಮಷೀನ್ ಓಡಿಸುವ ಹಕ್ಕು ಬರುತ್ತದೆ. ಇನ್ನೆರಡು ಬೇಕೆಂದರೆ ಅಷ್ಟೂ ಕೋರ್‌ಗೆ ಮತ್ತೊಂದು ಸಲ. ಹಾಗಾಗಿ 2667 ಜೋಡಿ ಹಾಕಿದರೆ 16 ಕೋರ್‌ನ ಒಂದು ಪ್ಯಾಕ್‌ನಲ್ಲಿ ಕೆಲಸ ಮುಗಿಯಿತು. 2680 ಜೋಡಿ ಹಾಕಿದರೆ ಅದೇ ಪ್ಯಾಕ್‌ನ ಮೇಲೆ ಎರಡು ಕೋರ್‌ನ ಪ್ಯಾಕ್ ಆರು, ಅಂದರೆ ಮುಕ್ಕಾಲು ಪಾಲು ಜಾಸ್ತಿ ಲೈಸೆನ್ಸ್. ಜಾಸ್ತಿ ಕೊಟ್ಟು ಕೊನೆಗೆ ಸಿಗುವುದು ನಿಧಾನದ ಟ್ಯಾಲಿ! ಹಳೆಯ ಸರ್ವರ್ ಕೊಳ್ಳುವಾಗ ಈ ಲೆಕ್ಕವನ್ನು ಯಾವ ಅಂಗಡಿಯವರೂ ನಮಗೆ ಹೇಳಲಿಲ್ಲ. ಅವರು ಮಾರುವುದು ಕಬ್ಬಿಣ, ಲೈಸೆನ್ಸ್ ನಮ್ಮ ಪಾಡು.

ಇದರ ಜೊತೆ ಪ್ರತಿಯೊಬ್ಬರಿಗೂ ವಿಂಡೋಸ್ ಸರ್ವರ್ ಕ್ಯಾಲ್ (ಸರ್ವರ್ ಬಳಸಲು ತಲೆಗೊಂದು ಲೈಸೆನ್ಸ್) ಒಂದು, ದೂರದ ಯಂತ್ರದ ಪರದೆಯ ಮೇಲೆ ಕೆಲಸ ಮಾಡಿಸುವ ರಿಮೋಟ್ ಡೆಸ್ಕ್‌ಟಾಪಿನ ಕ್ಯಾಲ್ ಒಂದು. ರಿಮೋಟ್ ಡೆಸ್ಕ್‌ಟಾಪ್ ಪಾತ್ರ ಹಾಕಿದ ಮೇಲೆ 120 ದಿನ ಕ್ಯಾಲ್ ಹಂಚುವ ಲೈಸೆನ್ಸ್ ಸರ್ವರ್ ಇಲ್ಲದೆಯೂ ನಡೆಯುತ್ತದೆ. ಹಾಗಾಗಿ ಎಷ್ಟೋ ಆಫೀಸುಗಳಲ್ಲಿ ಎಲ್ಲ ಸರಿಯಾಗಿದೆ ಅಂದುಕೊಂಡಿರುತ್ತಾರೆ, ನಾಲ್ಕು ತಿಂಗಳ ನಂತರ ಒಂದು ಬೆಳಗ್ಗೆ ಯಾರಿಗೂ ಲಾಗಿನ್ ಆಗುವುದಿಲ್ಲ. ಎಲ್ಲ ಕ್ಯಾಲ್ ಸೇರಿಸಿದರೆ ನಮ್ಮ ಆಫೀಸಿನಲ್ಲಿ ಲೈಸೆನ್ಸ್ ಖರ್ಚು ಸರ್ವರ್ ಖರ್ಚಿಗಿಂತ ಜಾಸ್ತಿಯೇ ಆಯಿತು. ಆದರೂ 18 ಹೊಸ ಪಿಸಿಗಿಂತ ಕಡಿಮೆ. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಕೀಗಳ ಹತ್ತಿರ ದಯವಿಟ್ಟು ಹೋಗಬೇಡಿ. ಬೇರೆಯವರ ಲೆಕ್ಕಪತ್ರ ಸರಿಯಿದೆ ಅಂತ ಸಹಿ ಹಾಕುವ ಆಫೀಸಿನಲ್ಲಂತೂ ಬೇಡವೇ ಬೇಡ.

"ವರ್ಚುವಲ್ ಡೆಸ್ಕ್‌ಟಾಪ್ ಅಂದರೆ ಒಬ್ಬೊಬ್ಬರಿಗೂ ಒಂದೊಂದು ವಿಂಡೋಸ್ 11 ಅಲ್ವಾ?" ಅಂತ ಕೆಲವರು ಕೇಳುತ್ತಾರೆ. ಹಾಗೂ ಮಾಡಬಹುದು. ಆದರೆ ಸರ್ವರ್ ಮೇಲೆ ಕೂತಿರುವ ವಿಂಡೋಸ್ 11ನ್ನು ಥಿನ್ ಕ್ಲೈಂಟಿನಿಂದ (ಬರೀ ಪರದೆ ತೋರಿಸುವ ಪುಟ್ಟ ಪೆಟ್ಟಿಗೆ) ಬಳಸಬೇಕೆಂದರೆ ವಿಡಿಎ ಅನ್ನುವ ಮೈಕ್ರೋಸಾಫ್ಟ್ ಹಕ್ಕು ಬೇಕು, ಅದು ಚಂದಾ ರೂಪದಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಬಂದ ಮಾಮೂಲಿ ಪ್ರೊ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ. ಜೊತೆಗೆ ಪ್ರತಿ ವಿಂಡೋಸ್ 11ಕ್ಕೂ ಕನಿಷ್ಠ 4 ಜಿಬಿ ಮೆಮೊರಿ, ಸಲೀಸಾಗಿ ಓಡಲು 8 ಜಿಬಿ, 64 ಜಿಬಿ ಡಿಸ್ಕ್. ಎಲ್ಲರೂ ಒಂದೇ ತರಹದ ಕೆಲಸ ಮಾಡುವ ಆಫೀಸಿಗೆ ಇದು ಅನಗತ್ಯ ಭಾರ. ಒಂದೇ ವಿಂಡೋಸ್ ಸರ್ವರಿನ ಮೇಲೆ 18 ಸೆಷನ್ (ತಲೆಗೊಂದು ಪರದೆ) ತೆರೆಯುವುದು ಹಗುರ, ಅಗ್ಗ, ನೋಡಿಕೊಳ್ಳಲೂ ಸುಲಭ: ಟ್ಯಾಲಿ ಅಪ್‌ಡೇಟ್ ಬಂದರೆ ಒಂದು ಕಡೆ ಹಾಕಿದರೆ ಎಲ್ಲರಿಗೂ ಬಂತು. ಒಬ್ಬರಿಗೆ ಅಡ್ಮಿನ್ ಹಕ್ಕು ಬೇಕು, ಇನ್ನೊಬ್ಬರಿಗೆ ವಿಚಿತ್ರ ಸಾಫ್ಟ್‌ವೇರ್ ಬೇಕು ಅನ್ನುವ ಡೆವಲಪರ್‌ಗಳ ಆಫೀಸಾದರೆ ಮಾತ್ರ ಬೇರೆ ಬೇರೆ ಮಷೀನ್ ಕೊಡಿ.

ನಮ್ಮ ಹೊಂದಿಕೆ ಹೀಗಿದೆ. ಕೆಳಗೆ ಪ್ರಾಕ್ಸ್‌ಮಾಕ್ಸ್, ವರ್ಚುವಲ್ ಮಷೀನ್ ಓಡಿಸುವ ಸಾಫ್ಟ್‌ವೇರ್. ಅದರ ಮೇಲೆ ಎರಡು ವರ್ಚುವಲ್ ಮಷೀನ್, ಎರಡರಲ್ಲೂ ವಿಂಡೋಸ್ ಸರ್ವರ್ 2022. ಒಂದರಲ್ಲಿ ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ಇಡುವ ಏರ್ಪಾಡು), ಫೈಲ್ ಫೋಲ್ಡರ್, ಲೈಸೆನ್ಸ್ ಸರ್ವರ್. ಇನ್ನೊಂದು 18 ಜನ ಕೂರುವ ಸೆಷನ್ ಸರ್ವರ್. ಡೊಮೇನ್ ಇಲ್ಲದೆ ಸುಮ್ನೆ ವರ್ಕ್‌ಗ್ರೂಪಿನಲ್ಲಿ ಮಾಡಿದರೆ ಒಂದು ಮಷೀನ್ ಉಳಿಯುತ್ತದಲ್ಲ ಅನ್ನಬಹುದು, ಆದರೆ ತಲೆಗೊಂದರಂತೆ ಕೊಳ್ಳುವ ಕ್ಯಾಲ್ ಡೊಮೇನ್ ಇಲ್ಲದೆ ಸರಿಯಾಗಿ ನಡೆಯುವುದಿಲ್ಲ. ಸರ್ವರ್ 2022ಕ್ಕೆ 2031ರ ಅಕ್ಟೋಬರ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ, ಅಷ್ಟರಲ್ಲಿ ಈ ಯಂತ್ರ ತನ್ನ ಕೆಲಸ ಮುಗಿಸಿರುತ್ತದೆ. ಮೊದಲಾಗಿದ್ದರೆ ನಾನು ಕಣ್ಣುಮುಚ್ಚಿ ಇದೇ ಕೆಲಸ ಮಾಡುವ ವಿಎಂವೇರ್ ಹಾಕುತ್ತಿದ್ದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು, ಒಮ್ಮೆ ಕೊಂಡರೆ ಶಾಶ್ವತ ಅನ್ನುವ ಲೈಸೆನ್ಸುಗಳನ್ನು ನಿಲ್ಲಿಸಿತು, ಎಲ್ಲ ಚಂದಾ ಆಯಿತು. ಸಣ್ಣ ಆಫೀಸಿಗೆ ಆ ಲೆಕ್ಕ ಇನ್ನು ಕೂಡುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಡೆಬಿಯನ್ ಲಿನಕ್ಸ್ ಮೇಲೆ ನಿಂತದ್ದು, ದುಡ್ಡು ಕೊಡದೆಯೂ ಎಲ್ಲ ಸೌಲಭ್ಯ ತೆರೆದಿರುತ್ತದೆ. ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ವರ್ಟ್‌ಐಒ ಡ್ರೈವರ್ (ವರ್ಚುವಲ್ ಡಿಸ್ಕ್ ಗುರುತಿಸಲು ಬೇಕಾದದ್ದು) ಇರುವ ಐಎಸ್ಒ ಫೈಲ್ ಜೊತೆಗಿಟ್ಟುಕೊಳ್ಳಿ, ಇಲ್ಲದಿದ್ದರೆ ಡಿಸ್ಕೇ ಕಾಣುವುದಿಲ್ಲ. ಪ್ರೊಸೆಸರ್ ಟೈಪ್ ಅನ್ನುವಲ್ಲಿ ಹೋಸ್ಟ್ ಅಂತ ಆರಿಸಿ.

ಡಿಸ್ಕ್ ವಿಷಯಕ್ಕೆ ಬರೋಣ, ನನ್ನ ಮಟ್ಟಿಗೆ ಇಡೀ ಸರ್ವರಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಹಳೆಯ ಸರ್ವರ್ ಜೊತೆ ಸಾಮಾನ್ಯವಾಗಿ 600 ಜಿಬಿಯ 10ಕೆ ಎಸ್‌ಎಎಸ್ ಹಾರ್ಡ್‌ಡಿಸ್ಕ್ ಕೊಡುತ್ತಾರೆ, "ಸರ್ವರ್ ಗ್ರೇಡ್ ಸರ್" ಅಂತ. ನಿಜ, ಗಟ್ಟಿಮುಟ್ಟಾದ ಡಿಸ್ಕ್ ಅದು. ಆದರೆ ಅಂಥ ಒಂದು ಡಿಸ್ಕ್ ಸೆಕೆಂಡಿಗೆ ಮಾಡುವ ಓದು ಬರಹ ಸುಮಾರು 140 ಸಲ. ಎಂಟು ಡಿಸ್ಕ್ ಸೇರಿಸಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ) ಮಾಡಿದರೆ ಪ್ರತಿ ಬರಹಕ್ಕೂ ನಾಲ್ಕು ಸಲ ಡಿಸ್ಕ್ ಮುಟ್ಟಬೇಕು, ಹಾಗಾಗಿ ಕಂಟ್ರೋಲರಿನ ಕ್ಯಾಶ್ (ತಾತ್ಕಾಲಿಕ ಮೆಮೊರಿ) ತುಂಬಿದ ಮೇಲೆ ಬರಹ 300ರ ಒಳಗೆ ನಿಲ್ಲುತ್ತದೆ. ಬೆಳಗ್ಗೆ ಹತ್ತು ಗಂಟೆಗೆ 18 ಜನ ಒಟ್ಟಿಗೆ ಲಾಗಿನ್ ಆಗಿ, ಎಲ್ಲರ ಕ್ರೋಮ್ ತೆರೆದು, ಆಂಟಿವೈರಸ್ ಎದ್ದು ಕೂತಾಗ ಏನಾಗುತ್ತದೆ ಯೋಚಿಸಿ. ಮದುವೆ ಊಟಕ್ಕೆ ಐನೂರು ಜನ ಒಂದೇ ಪಂಕ್ತಿಗೆ ನುಗ್ಗಿದಾಗ ಬಡಿಸುವವರು ನಾಲ್ಕೇ ಜನ ಇದ್ದ ಹಾಗೆ, ಅಡುಗೆಮನೆಯಲ್ಲಿ ಎಷ್ಟು ಜನ ಇದ್ದರೂ ಎಲೆಗೆ ಅನ್ನ ಬರುವುದಿಲ್ಲ. ಅದೇ ಒಂದು ಮಾಮೂಲಿ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ಓದಿ ಬರೆಯುತ್ತದೆ.

ಹಾಗಂತ ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ತಂದು ತುರುಕಬೇಡಿ. ಅವು ಮೊದಲ ಕೆಲವು ಜಿಬಿ ವೇಗವಾಗಿ ಬರೆದು, ಒಳಗಿನ ಕ್ಯಾಶ್ ತುಂಬಿದ ಮೇಲೆ ಕುಸಿಯುತ್ತವೆ. ಸ್ಯಾಮ್‌ಸಂಗ್ 870 ಕ್ಯೂವಿಒ 1 ಟಿಬಿಯ ವಿವರದಲ್ಲೇ ಇದೆ: 42 ಜಿಬಿ ದಾಟಿದ ಮೇಲೆ ಬರಹದ ವೇಗ ಸೆಕೆಂಡಿಗೆ 80 ಎಂಬಿ. ಅದು ಮನೆ ಬಳಕೆಗೆ ಮಾಡಿದ ಡಿಸ್ಕ್, ಅದರ ಕೆಲಸಕ್ಕೆ ಅದು ಸರಿ. ಸರ್ವರಿಗೆ ಬೇಕಾದದ್ದು ಕರೆಂಟ್ ಹೋದಾಗ ಕೈಯಲ್ಲಿದ್ದ ಡೇಟಾ ಬರೆದು ಮುಗಿಸುವಷ್ಟು ಕೆಪ್ಯಾಸಿಟರ್ ಒಳಗೇ ಇರುವ ಎಂಟರ್‌ಪ್ರೈಸ್ ಎಸ್‌ಎಸ್‌ಡಿ: ಸ್ಯಾಮ್‌ಸಂಗ್ ಪಿಎಂ883, ಇಂಟೆಲ್ ಡಿ3-ಎಸ್4510, ಮೈಕ್ರಾನ್ 5300, ಈ ಸಾಲಿನವು. ನಾವು 960 ಜಿಬಿಯ ನಾಲ್ಕು ಹಾಕಿ ರೇಡ್ 10 (ಜೋಡಿ ಡಿಸ್ಕಿನಲ್ಲಿ ಒಂದೇ ಡೇಟಾ ಇಡುವ ಜೋಡಣೆ) ಮಾಡಿದ್ದೇವೆ. ಸರ್ವರ್ ಹಳೆಯದಾಗಿರಲಿ, ಎಸ್‌ಎಸ್‌ಡಿ ಮಾತ್ರ ಹೊಸದೇ ಇರಲಿ. ಬೇರೆಲ್ಲಿ ಬೇಕಾದರೂ ಉಳಿಸಿ, ಇಲ್ಲಿ ಉಳಿಸಬೇಡಿ.

ಟ್ಯಾಲಿ ಡೇಟಾವನ್ನು ಫೈಲ್ ಸರ್ವರಿನ ಮೇಲಿಡದೆ ಸೆಷನ್ ಸರ್ವರಿನ ಎರಡನೇ ಡಿಸ್ಕಿನಲ್ಲೇ ಇಟ್ಟಿದ್ದೇವೆ. ಹಿಂದೆ ಒಂದು ಪಿಸಿಯಲ್ಲಿ ಡೇಟಾ, ಉಳಿದವರೆಲ್ಲ ಲ್ಯಾನ್ ಮೇಲೆ ಅದನ್ನು ಎಳೆಯುತ್ತಿದ್ದರು. ಈಗ ಡೇಟಾ ಪೆಟ್ಟಿಗೆ ಬಿಟ್ಟು ಹೊರಗೆ ಬರುವುದೇ ಇಲ್ಲ, ಪರದೆಯ ಚಿತ್ರ ಮಾತ್ರ ತಂತಿಯ ಮೇಲೆ ಹೋಗುತ್ತದೆ. ಜನ ಮೊದಲು ಗುರುತಿಸಿದ ಬದಲಾವಣೆ ಇದೇ. ಟ್ಯಾಲಿಗೆ ಗೋಲ್ಡ್ ಲೈಸೆನ್ಸ್ ಬೇಕು, ಸಿಲ್ವರ್ ಒಬ್ಬರಿಗೆ ಮಾತ್ರ. ಮೈಕ್ರೋಸಾಫ್ಟ್ ಆಫೀಸ್ ಕೂಡ ಹಾಗೆಯೇ, ಅಂಗಡಿಯಲ್ಲಿ ಸಿಗುವ ಹೋಮ್ ಆಂಡ್ ಬಿಸಿನೆಸ್ ಸೆಷನ್ ಸರ್ವರ್ ಮೇಲೆ ಓಡುವುದಿಲ್ಲ. ವಾಲ್ಯೂಮ್ ಲೈಸೆನ್ಸ್ ಅಥವಾ ಹಂಚಿಕೆಯ ಯಂತ್ರದ ಮೇಲೆ ಬಳಸಲು ಬಿಡುವ 365 ಪ್ಲಾನ್ ಬೇಕು. ಬಿಸಿನೆಸ್ ಪ್ರೀಮಿಯಂನಲ್ಲಿ ಅದು ಇದೆ, ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ.

ಮೆಮೊರಿ: 16 ಜಿಬಿಯ ಎಂಟು ಕಡ್ಡಿ, ಒಟ್ಟು 128. ಎಂಟು ಯಾಕೆ ಅಂದರೆ ಈ ಪ್ರೊಸೆಸರುಗಳಿಗೆ ಒಂದೊಂದಕ್ಕೆ ನಾಲ್ಕು ಮೆಮೊರಿ ಚಾನೆಲ್, ನಾಲ್ಕೂ ತುಂಬಿದರೆ ಪೂರ್ತಿ ವೇಗ. 64 ಜಿಬಿಯ ಎರಡು ಕಡ್ಡಿ ಹಾಕಿಕೊಟ್ಟರೆ ಲೆಕ್ಕಕ್ಕೆ ಅದೂ 128, ಆದರೆ ಬೇಡ ಅನ್ನಿ. ಸೆಷನ್ ಸರ್ವರಿಗೆ 80 ಜಿಬಿ ಕೊಟ್ಟಿದ್ದೇನೆ, ತಲೆಗೆ ನಾಲ್ಕು ಜಿಬಿಯಷ್ಟು ಬರುತ್ತದೆ. ಟ್ಯಾಲಿ, ಎಕ್ಸೆಲ್ ಇಷ್ಟು ಕೇಳುವುದಿಲ್ಲ, ತಿನ್ನುವುದೆಲ್ಲ ಬ್ರೌಸರ್. 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಬೆಲೆ ಏರಿಬಿಟ್ಟಿದೆ, ಹಳೆಯ ಡಿಡಿಆರ್4ಗೂ ಆ ಬಿಸಿ ತಟ್ಟಿದೆ. ಆದ್ದರಿಂದ ಮೆಮೊರಿ ಆಮೇಲೆ ಹಾಕಿಕೊಳ್ಳೋಣ ಅಂತ ಬಿಡದೆ ಸರ್ವರ್ ಜೊತೆಗೇ ಚೌಕಾಶಿ ಮಾಡಿ.

ಅಂಗಡಿಯಲ್ಲಿ ಏನು ನೋಡಬೇಕು? ಮೊದಲು ಸರ್ವೀಸ್ ಟ್ಯಾಗ್, ಯಂತ್ರದ ಮೇಲಿರುವ ಡೆಲ್ ಗುರುತಿನ ಸಂಖ್ಯೆ. ಡೆಲ್ ಸೈಟಿನಲ್ಲಿ ಹಾಕಿದರೆ ಆ ಯಂತ್ರ ಯಾವಾಗ ಹೊರಟಿತು, ಮೊದಲು ಅದರಲ್ಲಿ ಏನೇನಿತ್ತು ಎಲ್ಲ ಬರುತ್ತದೆ. ಆಮೇಲೆ ಐಡ್ರಾಕ್, ಅಂದರೆ ಸರ್ವರನ್ನು ದೂರದಿಂದ ಆನ್ ಆಫ್ ಮಾಡುವ, ಪರದೆ ನೋಡುವ ಸೌಲಭ್ಯ. ಅದರಲ್ಲಿ ಎಂಟರ್‌ಪ್ರೈಸ್ ಲೈಸೆನ್ಸ್ ಇದೆಯಾ ಕೇಳಿ. ಎಕ್ಸ್‌ಪ್ರೆಸ್ ಆದರೆ ಪರದೆ ಕಾಣುವುದಿಲ್ಲ, ರಾತ್ರಿ ಏನಾದರೂ ಆದರೆ ನೀವೇ ಗಾಡಿ ತೆಗೆದುಕೊಂಡು ಹೋಗಬೇಕು. ಐಡ್ರಾಕ್ ಒಳಗಿನ ಲಾಗ್ ತೆರೆಸಿ, ಮೆಮೊರಿ ಎರರ್, ಪವರ್ ಸಪ್ಲೈ ಎರರ್ ಇದೆಯಾ ನಿಮ್ಮ ಕಣ್ಣಿಂದಲೇ ನೋಡಿ. ಲಾಗ್ ಪೂರ್ತಿ ಖಾಲಿಯಿದ್ದರೆ ಅಳಿಸಿದ್ದಾರೆ ಅಂತ ಅರ್ಥ, ಅವರ ಮುಂದೆಯೇ ಮೆಮೊರಿ ಟೆಸ್ಟ್ ಓಡಿಸಿ. ಐಡ್ರಾಕ್‌ನ ಮೂಲ ಯೂಸರ್ ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್, ಲೋಕಕ್ಕೆಲ್ಲ ಗೊತ್ತಿರುವುದು. ಮನೆಗೆ ತಂದ ಕೂಡಲೇ ಬದಲಾಯಿಸಿ.

ಡಿಸ್ಕುಗಳನ್ನು ಜೋಡಿಸಿ ನಡೆಸುವ ರೇಡ್ ಕಾರ್ಡಿನ ಬ್ಯಾಟರಿ ಕೂಡ ನೋಡಿ. ನಾವು ಕೊಂಡ ಅಂಗಡಿಯಿಂದ ಬಂದ ಸರ್ವರಿನ ಎಚ್730 ಕಾರ್ಡಿನ ಬ್ಯಾಟರಿ ಸತ್ತಿತ್ತು, ಬ್ಯಾಟರಿ ಸತ್ತರೆ ಕಾರ್ಡು ತನ್ನ ಕ್ಯಾಶ್ ನಂಬಿ ಬರೆಯುವುದನ್ನು ನಿಲ್ಲಿಸುತ್ತದೆ. ಡಿಸ್ಕ್ ಹಾಕುವ ಟ್ರೇಗಳೂ ಪೂರ್ತಿ ಇರಲಿಲ್ಲ, ಮುಂದೆ ಪ್ಲಾಸ್ಟಿಕ್ ಮುಚ್ಚಳ ಸಿಗಿಸಿ ಕಳಿಸಿದ್ದರು. ಫೋನ್ ಮಾಡಿ ಕೇಳಿದ ಮೇಲೆ ಎರಡನ್ನೂ ಕೊರಿಯರ್ ಮಾಡಿದರು, ಅದನ್ನು ಒಪ್ಪಬೇಕು. ಆದರೆ ಟ್ರೇ, ಸರ್ವರ್ ಕೂರಿಸುವ ಹಳಿ, ಬ್ಯಾಟರಿ, ಎರಡು ಪವರ್ ಸಪ್ಲೈ ಎಲ್ಲವನ್ನೂ ಕೊಟೇಷನ್ನಿನಲ್ಲೇ ಹೆಸರಿಟ್ಟು ಬರೆಸಿಕೊಂಡರೆ ಈ ಫೋನ್ ಉಳಿಯುತ್ತದೆ. ಎರಡೂವರೆ ಇಂಚಿನ ಡಿಸ್ಕ್ ಕೂರುವ ಮಾದರಿಯನ್ನೇ ಕೇಳಿ. ಜಿಎಸ್‌ಟಿ ಬಿಲ್ ತಗೊಳ್ಳಿ, 18 ಪರ್ಸೆಂಟ್ ಇನ್‌ಪುಟ್ ಕ್ರೆಡಿಟ್ ಬಿಡುವುದು ಯಾಕೆ? ಬಿಲ್ ಇಲ್ಲದಿದ್ದರೆ ಅಂಗಡಿಯ ವಾರಂಟಿಗೂ ಬೆಲೆಯಿಲ್ಲ. ಪ್ರೊಸೆಸರ್ ಬದಲಾವಣೆ, ಮೆಮೊರಿ ಸೇರಿ ನಮಗೆ ಲಕ್ಷದ ಆಸುಪಾಸು ಬಿತ್ತು, ಎಸ್‌ಎಸ್‌ಡಿ ಬೇರೆ.

ಜಾಗ, ಶಬ್ದ, ಕರೆಂಟ್. ಇದರ ಉದ್ದ ಸುಮಾರು 70 ಸೆಂಟಿಮೀಟರ್. ನಮ್ಮ ಆಫೀಸುಗಳಲ್ಲಿ ಗೋಡೆಗೆ ನೇತುಹಾಕುವ ರ‍್ಯಾಕ್ ಇರುತ್ತದಲ್ಲ, ಸ್ವಿಚ್, ಸಿಸಿಟಿವಿ ರೆಕಾರ್ಡರ್ ಇಡುವುದು, ಅದರೊಳಗೆ ಇದು ಹಿಡಿಸುವುದಿಲ್ಲ, ಹಿಡಿಸಿದರೂ ಗೋಡೆ ತಡೆಯುವುದಿಲ್ಲ. ನೆಲದ ಮೇಲೆ ನಿಲ್ಲುವ ಆಳದ ರ‍್ಯಾಕ್ ಬೇಕು. ಆನ್ ಮಾಡುವಾಗ ಫ್ಯಾನ್ ಜೋರಾಗಿ ಕೂಗುತ್ತದೆ, ಆಮೇಲೆ ಇಳಿಯುತ್ತದೆ. ಆದರೂ ಜನ ಕೂರುವ ಕೋಣೆಯಲ್ಲಿ ಇಡಬೇಡಿ. ಬೇರೆ ಕೋಣೆಯೇ ಇಲ್ಲ ಅಂದರೆ ಇದೇ ಸಾಲಿನ ಪ್ರೊಸೆಸರ್ ಕೂರುವ ಟವರ್ ಮಾದರಿ ಟಿ430 ಅಥವಾ ಟಿ630 ಹುಡುಕಿ, ಅವು ತುಂಬಾ ಮೆತ್ತಗಿರುತ್ತವೆ. ಡೆಲ್‌ನದ್ದಲ್ಲದ ಪಿಸಿಐ ಕಾರ್ಡ್ ಹಾಕಿದರೆ ಆರ್730ರ ಫ್ಯಾನ್ ಸುಮ್ಮಸುಮ್ಮನೆ ಏರುತ್ತದೆ, ಐಪಿಎಂಐ (ಸರ್ವರನ್ನು ದೂರದಿಂದ ನಿಯಂತ್ರಿಸುವ ದಾರಿ) ಕಮಾಂಡ್ ಒಂದರಿಂದ ಅದನ್ನು ನಿಲ್ಲಿಸಬಹುದು. ಕರೆಂಟ್ 150 ವ್ಯಾಟ್ ಅಂತ ಹಿಡಿದರೆ ದಿನಕ್ಕೆ 3.6 ಯೂನಿಟ್, ತಿಂಗಳಿಗೆ 108. ಯೂನಿಟ್ಟಿಗೆ 8 ರೂಪಾಯಿ ಅಂದರೂ 864 ರೂಪಾಯಿ, ಎಸಿ ಬೇರೆ. ಎರಡು ಪವರ್ ಸಪ್ಲೈಯನ್ನು ಒಂದೇ ಯುಪಿಎಸ್‌ಗೆ ಚುಚ್ಚಬೇಡಿ, ಒಂದನ್ನು ಬೇರೆ ಯುಪಿಎಸ್‌ಗೆ ಕೊಡಿ. ಅರ್ಥಿಂಗ್ ನೋಡಲು ಎಲೆಕ್ಟ್ರಿಷಿಯನ್ ಕರೆಸಿ, ಹಳೆಯ ಕಟ್ಟಡಗಳಲ್ಲಿ ಇದನ್ನು ಯಾರೂ ನೋಡಿರುವುದಿಲ್ಲ.

ಇನ್ನೊಂದು ಸಣ್ಣ ಸೆಟ್ಟಿಂಗ್, ಆದರೆ ದೊಡ್ಡ ವ್ಯತ್ಯಾಸ. ಬಯಾಸಿನಲ್ಲಿ ಸಿಸ್ಟಂ ಪ್ರೊಫೈಲ್ ಅನ್ನುವಲ್ಲಿ ಕರೆಂಟ್ ಉಳಿಸುವ ಆಯ್ಕೆ ಇರುತ್ತದೆ, ಅದನ್ನು ಪರ್ಫಾರ್ಮೆನ್ಸ್‌ಗೆ ಬದಲಿಸಿ. ವೇಗದ ಪ್ರೊಸೆಸರಿಗೆ ದುಡ್ಡು ಕೊಟ್ಟು ಅದನ್ನು ತೂಕಡಿಸಲು ಬಿಡಬಾರದು.

ಮೇಜಿನ ಮೇಲಿನ ಕಡೆ ಖರ್ಚೇ ಇಲ್ಲ ಅನ್ನಬಹುದು. ಹಳೆಯ ಐ3 ಪಿಸಿಗಳಿಗೆ ಲಿನಕ್ಸ್ ಮಿಂಟ್, ಅದರಲ್ಲಿ ಸರ್ವರಿನ ಪರದೆ ತೆರೆಯುವ ರೆಮ್ಮಿನಾ. ಪಿಸಿ ಸತ್ತ ಕಡೆ ಸೆಕೆಂಡ್ ಹ್ಯಾಂಡ್ ಡೆಲ್ ವೈಸ್ 3040, ಅಂಗೈ ಅಗಲದ ಪೆಟ್ಟಿಗೆ, ಫ್ಯಾನ್ ಇಲ್ಲ, ಶಬ್ದ ಇಲ್ಲ. ನುಡಿಯನ್ನು ಸರ್ವರ್ ಮೇಲೆ ಹಾಕಿ, ಪ್ರತಿಯೊಬ್ಬರೂ ತಮ್ಮ ಸೆಷನ್ ಒಳಗೇ ಅದನ್ನು ತೆರೆಯಬೇಕು. ಈಚೆ ಮೇಜಿನ ಪಿಸಿಯಲ್ಲಿ ಕೀಬೋರ್ಡ್ ಇಂಗ್ಲಿಷಿನಲ್ಲೇ ಇರಲಿ, ಎರಡೂ ಕಡೆ ಕನ್ನಡ ಲೇಔಟ್ ಆದರೆ ಅಕ್ಷರ ಕಲಸಿಹೋಗುತ್ತದೆ. ಪ್ರಿಂಟರ್ ನೆಟ್‌ವರ್ಕಿನದ್ದಾದರೆ ತಲೆನೋವಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಮಾತ್ರ ಬೇರೆ ಕಥೆ. ಪೋರ್ಟಲ್‌ಗಳು ಕೊಡುವ ಸಹಿಯ ಸಾಫ್ಟ್‌ವೇರ್ ಯಂತ್ರದೊಳಗೆ ಒಂದು ನಿಗದಿತ ಪೋರ್ಟಿನಲ್ಲಿ ಕೂತು ಕಾಯುತ್ತದೆ. ಒಂದೇ ವಿಂಡೋಸ್ ಮೇಲೆ 18 ಜನ ಇದ್ದಾಗ ಮೊದಲು ಬಂದವರಿಗೆ ಆ ಪೋರ್ಟ್, ಉಳಿದವರಿಗೆ ಇಲ್ಲ. ಗುದ್ದಾಡುವ ಬದಲು ಸಹಿ ಹಾಕಲು ವಿಂಡೋಸ್ 11 ಇರುವ ಒಂದು ಮಾಮೂಲಿ ಪಿಸಿ ಪ್ರತ್ಯೇಕವಾಗಿ ಇಟ್ಟಿದ್ದೇವೆ. ಇದನ್ನು ಮೊದಲೇ ಬಜೆಟ್ಟಿನಲ್ಲಿ ಸೇರಿಸಿಕೊಳ್ಳಿ.

ಹೇಗೆ ಓಡುತ್ತಿದೆ? ಪ್ರತಿ ತಿಂಗಳ 20ನೇ ತಾರೀಖು ಜಿಎಸ್‌ಟಿಆರ್-3ಬಿ ಕೊನೆಯ ದಿನ, ಆಡಿಟರ್ ಆಫೀಸಿನಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಹೊತ್ತು. ಆ ದಿನವೂ ಪ್ರೊಸೆಸರ್ ಅರ್ಧಕ್ಕಿಂತ ಮೇಲೆ ಹೋಗುವುದು ಅಪರೂಪ, ಮೆಮೊರಿ ಮಾತ್ರ ತುಂಬುತ್ತಾ ಬರುತ್ತದೆ. ಒಬ್ಬರ ಮೇಜಿನ ಪಿಸಿ ಕೆಟ್ಟರೆ ಪಕ್ಕದ ಪಿಸಿಗೆ ಹೋಗಿ ಲಾಗಿನ್ ಆದರೆ ಬಿಟ್ಟ ಜಾಗದಲ್ಲೇ ಎಲ್ಲ ತೆರೆದಿರುತ್ತದೆ, ಅರ್ಧ ಬರೆದ ಎಕ್ಸೆಲ್ ಸಮೇತ. ಅಲ್ಲಿನ ಹಿರಿಯ ಅಕೌಂಟೆಂಟ್ ಒಬ್ಬರು ಇದನ್ನು ನೋಡಿ ತುಂಬಾ ಖುಷಿಪಟ್ಟರು, ನನಗೂ ಅಷ್ಟೇ ಖುಷಿಯಾಯಿತು.

ಆಗದ ಕೆಲಸಗಳೂ ಇವೆ. ಯೂಟ್ಯೂಬ್, ಜೂಮ್ ಸೆಷನ್ ಒಳಗೆ ಓಡಿಸಿದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಾರಣ ಪೂರ್ತಿ ಭಾರ ಪ್ರೊಸೆಸರ್ ಮೇಲೆ, ವಿಡಿಯೊ ಕೂಡ ತಡವರಿಸುತ್ತದೆ. ಮೀಟಿಂಗುಗಳನ್ನು ಮೇಜಿನ ಪಿಸಿಯ ಲಿನಕ್ಸ್ ಬ್ರೌಸರಿನಲ್ಲೇ ಮಾಡಿ. ಆಟೊಕ್ಯಾಡ್, ಫೋಟೊಶಾಪ್ ಇರುವ ಆಫೀಸುಗಳಿಗೆ ಈ ದಾರಿ ನಾನು ಹೇಳುವುದಿಲ್ಲ. ಹಳೆಯ ಟೆಸ್ಲಾ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಅದನ್ನು ಹತ್ತು ಜನಕ್ಕೆ ಹಂಚಲು ಎನ್‌ವಿಡಿಯಾ ಕಡೆಯಿಂದ ಮತ್ತೆ ಲೈಸೆನ್ಸ್ ಬೇಕು. ಡಿಸೈನರ್‌ಗಳಿಗೆ ಅವರವರ ಪಿಸಿ ಕೊಟ್ಟುಬಿಡಿ. ಐದಾರು ಜನರ ಆಫೀಸಿಗೂ ಇದೆಲ್ಲ ಬೇಡ, ಹೊಸ ಪಿಸಿಯೇ ಲಾಭ.

ಮನೆಯಿಂದ ಕೆಲಸ ಮಾಡುವವರಿಗೆ ವೈರ್‌ಗಾರ್ಡ್ ವಿಪಿಎನ್ (ಆಫೀಸಿನ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ) ಕೊಟ್ಟಿದ್ದೇವೆ. ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ ತೆರೆದು ನೇರವಾಗಿ ಇಂಟರ್‌ನೆಟ್ಟಿಗೆ ಬಿಡುವವರು ಇನ್ನೂ ಇದ್ದಾರೆ. ಅದು ರ‍್ಯಾನ್ಸಮ್‌ವೇರ್ ಒಳಗೆ ಬರುವ ಹೆದ್ದಾರಿ, ದಯವಿಟ್ಟು ಮುಚ್ಚಿ. ಮೊದಲು 18 ಪಿಸಿಯಲ್ಲಿ ಹರಡಿದ್ದ ಅಪಾಯ ಈಗ ಒಂದೇ ಪೆಟ್ಟಿಗೆಯಲ್ಲಿದೆ ಅನ್ನುವುದನ್ನು ಆಡಿಟರ್ ಸಾಹೇಬರಿಗೆ ಬಿಡಿಸಿ ಹೇಳಿದ್ದೆ. ಅದಕ್ಕೇ ಬೇರೆ ಕೋಣೆಯ ಒಂದು ಹಳೆಯ ಪಿಸಿಯಲ್ಲಿ ದೊಡ್ಡ ಹಾರ್ಡ್‌ಡಿಸ್ಕ್ ಹಾಕಿ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಮಾಡಿದ್ದೇವೆ, ರಾತ್ರಿ ಎರಡೂ ಮಷೀನ್ ಅಲ್ಲಿಗೆ ನಕಲಾಗುತ್ತವೆ. ಟ್ಯಾಲಿ ಡೇಟಾದ ಒಂದು ಪ್ರತಿ ವಾರಕ್ಕೊಮ್ಮೆ ಹೊರಗಿನ ಡಿಸ್ಕಿನಲ್ಲಿ ಸಾಹೇಬರ ಮನೆಗೆ ಹೋಗುತ್ತದೆ. ಬಜೆಟ್ಟಿನಲ್ಲಿ ಉಳಿದ ಸ್ವಲ್ಪ ದುಡ್ಡಿಗೆ ಒಂದು ಪವರ್ ಸಪ್ಲೈ, ಅದೇ ಮಾದರಿಯ ಒಂದು ಎಸ್‌ಎಸ್‌ಡಿ, ಎರಡು ಕಡ್ಡಿ ಮೆಮೊರಿ ತಂದು ಕಪಾಟಿನಲ್ಲಿಟ್ಟಿದ್ದೇವೆ, ಬೆಂಗಳೂರಿನಿಂದ ಪಾರ್ಸೆಲ್ ಬರುವ ತನಕ 18 ಜನ ಕೈಕಟ್ಟಿ ಕೂರಬಾರದು ಅಂತ.